ಹೀಟರ್ ಹಾಕಿದರೂ ತಣ್ಣನೆ ಗಾಳಿ: ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮೊದಲು ಎರಡು ಪೈಪ್ ಮುಟ್ಟಿ ನೋಡಿ

ಪ್ರಶ್ನೆ: ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92,000 ಕಿ.ಮೀ. ಓಡಿದೆ. ಮನೆ ಮಡಿಕೇರಿಯಲ್ಲಿ. ಹೀಟರ್ ನಾಬನ್ನು ಪೂರ್ತಿ ಕೆಂಪಿಗೆ ತಿರುಗಿಸಿದರೂ ತಣ್ಣನೆ ಗಾಳಿಯೇ ಬರುತ್ತದೆ. ಬ್ಲೋವರ್ ನಾಲ್ಕೂ ಸ್ಪೀಡಿನಲ್ಲಿ ಚೆನ್ನಾಗಿ ತಿರುಗುತ್ತದೆ. ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗಿ ರಸ್ತೆಯೇ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗುವಾಗ ಎಂಜಿನ್ ವಿಪರೀತ ಬಿಸಿಯಾಗಿ ನಿಂತಿತ್ತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನಲ್ಲಿ ಸರಿ ಮಾಡಿಸಿದೆವು. ಆಮೇಲೆ ಟೆಂಪರೇಚರ್ ಮುಳ್ಳು ಅರ್ಧಕ್ಕೂ ಏರುತ್ತಿಲ್ಲ. ಈಗ ಇಲ್ಲಿನ ಮೆಕ್ಯಾನಿಕ್ ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಅನ್ನುತ್ತಾರೆ. ಬೇರೆ ದಾರಿ ಇದೆಯೇ? ಡಿಸೆಂಬರ್‌ನಲ್ಲಿ ಮನಾಲಿ ಕಡೆ ಹೋಗುವ ಯೋಚನೆಯೂ ಇದೆ.

ಉತ್ತರ: ಡ್ಯಾಶ್‌ಬೋರ್ಡಿಗೆ ಈಗಲೇ ಕೈ ಹಾಕಿಸಬೇಡಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ಆ ಮುಳ್ಳಿನ ಮೇಲೆ. ಏಪ್ರಿಲ್‌ನಲ್ಲಿ ಎಂಜಿನ್ ಬಿಸಿಯಾಯಿತು, ದಾರಿಯಲ್ಲಿ ರಿಪೇರಿಯಾಯಿತು, ಅಂದಿನಿಂದ ಮುಳ್ಳು ಕೆಳಗೇ ಉಳಿದಿದೆ, ಹೀಟರ್ ಬಿಸಿಯಾಗುತ್ತಿಲ್ಲ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಪುಟ್ಟ ಬಾಗಿಲು) ತೆಗೆದುಹಾಕಿ, ಕೂಲೆಂಟ್ (ಎಂಜಿನ್ ತಂಪಾಗಿಡುವ ಬಣ್ಣದ ದ್ರಾವಣ) ಬದಲು ನಲ್ಲಿ ನೀರು ತುಂಬಿ ಕಳಿಸಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಬೇಕಾಗಿರುವುದು ಕೆಲವು ನೂರು ರೂಪಾಯಿಯ ಥರ್ಮೋಸ್ಟಾಟ್, ಹೊಸ ಕೂಲೆಂಟ್ ಮತ್ತು ಒಂದು ಬೆಳಗಿನ ಕೆಲಸ. ಆದರೂ ಇದು ಅನುಮಾನ ಮಾತ್ರ. ನಿಜವೋ ಅಲ್ಲವೋ ಎಂದು ಮನೆಯಂಗಳದಲ್ಲೇ ಅರ್ಧ ಗಂಟೆಯಲ್ಲಿ ತಿಳಿಯಬಹುದು.

ಕಾರಿನ ಹೀಟರಿಗೆ ಬೇರೆ ಒಲೆ ಇಲ್ಲ. ಎಂಜಿನ್ನನ್ನು ತಂಪಾಗಿಡಲು ಸುತ್ತುವ ನೀರು 85ರಿಂದ 95 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದಲ್ಲ, ಅದರಲ್ಲೇ ಒಂದು ಕವಲು ಡ್ಯಾಶ್‌ಬೋರ್ಡಿನ ಒಳಗೆ ಬಂದು ಹೋಗುತ್ತದೆ. ಅಲ್ಲಿ ನೋಟ್‌ಬುಕ್ಕಿನಷ್ಟು ಅಗಲದ ಪುಟ್ಟ ರೇಡಿಯೇಟರ್ ಇದೆ. ಅದೇ ಹೀಟರ್ ಕೋರ್. ಬ್ಲೋವರ್ ತಳ್ಳುವ ಗಾಳಿ ಅದರ ಮೂಲಕ ಹಾದು ಬಿಸಿಯಾಗುತ್ತದೆ. ನೀವು ನಾಬ್ ತಿರುಗಿಸಿದಾಗ ಒಳಗೆ ಒಂದು ಫ್ಲ್ಯಾಪ್ ಅಲುಗಿ, ಗಾಳಿ ಕೋರಿನ ಮೇಲೆ ಹೋಗಬೇಕೋ ಪಕ್ಕದಿಂದ ಜಾರಬೇಕೋ ಎಂದು ತೀರ್ಮಾನಿಸುತ್ತದೆ. ಹಾಗಾಗಿ ನೀರು ಬಿಸಿ ಇರಬೇಕು, ತುಂಬಿರಬೇಕು, ಕೋರಿನೊಳಗೆ ಹರಿಯಬೇಕು, ಗಾಳಿ ಕೋರಿನ ಮೇಲೆ ಹಾಯಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಗೊತ್ತಾಗುವ ತನಕ ಯಾವ ಪಾರ್ಟನ್ನೂ ಕೊಳ್ಳಬೇಡಿ. ಮೊದಲ ಮೂರರಲ್ಲಿ ತೊಂದರೆ ಇದ್ದರೆ ಅದು ಎಂಜಿನ್ನಿನ ತೊಂದರೆಯೂ ಹೌದು. ಹೀಟರ್ ಅದನ್ನು ಮೊದಲು ಹೇಳುತ್ತಿದೆ, ಅಷ್ಟೆ.

ಮೊದಲು ನೀರಿನ ಮಟ್ಟ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಸುಮಾರು 0.9ರಿಂದ 1.1 ಬಾರ್ ಒತ್ತಡ ಇರುತ್ತದೆ, ಮುಚ್ಚಳ ಸಡಿಲಾದ ಕ್ಷಣದಲ್ಲಿ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿದೆ ಎಂದು ಸಮಾಧಾನಪಡುವಂತಿಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾದರೆ ಬಾಟಲಿಯ ನೀರು ರೇಡಿಯೇಟರಿಗೆ ವಾಪಸ್ ಎಳೆಯಲ್ಪಡುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಮುಚ್ಚಳ ತೆಗೆದು ಕತ್ತಿನೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು ಕತ್ತಿನವರೆಗೆ ಇರಬೇಕು. ಬೆರಳು ಅದ್ದಿ ಬಣ್ಣವನ್ನೂ ನೋಡಿ. ಹಸಿರು, ನೀಲಿ, ಗುಲಾಬಿ ಯಾವುದೇ ಇದ್ದರೂ ತಿಳಿಯಾಗಿದ್ದರೆ ಸರಿ. ಚಹಾ ಬಣ್ಣ ಅಥವಾ ಕೆಮ್ಮಣ್ಣಿನ ನೀರಿನಂತಿದ್ದರೆ ಒಳಗೆ ತುಕ್ಕು ಹಿಡಿದಿದೆ, ಅಲ್ಲಿ ಕೂಲೆಂಟ್ ಇಲ್ಲ ಎಂದೇ ತಿಳಿಯಿರಿ.

ಮಟ್ಟ ಕಡಿಮೆಯಾದಾಗ ಹೀಟರಿಗೇ ಮೊದಲು ಏಟು ಬೀಳುವುದಕ್ಕೆ ಕಾರಣವಿದೆ. ಬಹಳಷ್ಟು ಕಾರುಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿದೆ, ಸೇರಿದ ಗಾಳಿ ಅಲ್ಲಿಗೇ ಹೋಗಿ ಕೂರುತ್ತದೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಗಳಗಳ ಎಂದು ನೀರು ಹರಿದ ಸದ್ದು ಕೇಳಿದರೆ ಅದೇ ಗಾಳಿ. ಮಟ್ಟ ತುಂಬಿಸಲು ಕಾಲು ಲೀಟರಿಗಿಂತ ಹೆಚ್ಚು ನೀರು ಹಿಡಿದರೆ ಅದು ಎಲ್ಲಿ ಹೋಯಿತೆಂದು ಹುಡುಕಬೇಕು: ಹೋಸ್‌ಗಳ ತುದಿಯ ಕ್ಲಿಪ್ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ, ಮುಂದಿನ ಸೀಟಿನ ಕಾಲ ಬಳಿಯ ಕಾರ್ಪೆಟ್‌ನಲ್ಲಿ. ಒಣಗಿದ ಕೂಲೆಂಟ್ ಬಿಳಿ ಅಥವಾ ಹಸಿರು ಪುಡಿಯ ಗೆರೆ ಬಿಟ್ಟಿರುತ್ತದೆ.

ಮಟ್ಟ ಸರಿ ಮಾಡಿದ ಮೇಲೆ ನಿಜವಾದ ಪರೀಕ್ಷೆ. ತಣ್ಣಗಿರುವ ಕಾರನ್ನು 15 ನಿಮಿಷ ಓಡಿಸಿ ತನ್ನಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಐಡಲಿನಲ್ಲಿ ಬಿಡಿ. ಎಸಿ ಆಫ್, ನಾಬ್ ಪೂರ್ತಿ ಕೆಂಪಿಗೆ, ಬ್ಲೋವರ್ ಒಂದನೇ ಸ್ಪೀಡಿಗೆ. ಬಾನೆಟ್ ಎತ್ತಿ, ಎಂಜಿನ್ನಿಗೂ ಒಳಾಂಗಣಕ್ಕೂ ನಡುವಿನ ಕಬ್ಬಿಣದ ಗೋಡೆಯನ್ನು ನೋಡಿದರೆ, ಅಕ್ಕಪಕ್ಕದಲ್ಲೇ ಎರಡು ಕಪ್ಪು ರಬ್ಬರ್ ಹೋಸ್ ಒಳಗೆ ಹೋಗಿರುವುದು ಕಾಣುತ್ತದೆ, ಒಂದೊಂದೂ ಹೆಬ್ಬೆರಳಿಗಿಂತ ತುಸು ದಪ್ಪ. ಪಕ್ಕದಲ್ಲೇ ಇರುವ ಎಸಿಯ ಅಲ್ಯೂಮಿನಿಯಂ ಪೈಪ್‌ಗಳನ್ನು ಇವೆಂದು ತಿಳಿಯಬೇಡಿ. ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಶಾಲು, ತೋಳು ದೂರವಿರಲಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗೀತು. ಅಂಗೈ ಬೇಡ, ಬೆರಳಿನ ಹಿಂಭಾಗದಿಂದ ಒಂದು ಕ್ಷಣ ಮಾತ್ರ ಎರಡನ್ನೂ ಮುಟ್ಟಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಹೋಸ್‌ನ ಕಪ್ಪು ರಬ್ಬರಿನ ಮೇಲೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ.

ಎರಡೂ ಉಗುರುಬೆಚ್ಚಗೆ ಮಾತ್ರ ಇದ್ದು ಮುಳ್ಳೂ ಕೆಳಗಿದ್ದರೆ ಎಂಜಿನ್ನೇ ಬಿಸಿಯಾಗುತ್ತಿಲ್ಲ, ಅಂದರೆ ಥರ್ಮೋಸ್ಟಾಟ್ ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನೀರು ಕೋರಿನವರೆಗೆ ಬಂದು ನಿಂತಿದೆ: ಕೋರ್ ಕಟ್ಟಿದೆ, ಇಲ್ಲವೇ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮುಳ್ಳು ಅರ್ಧದಲ್ಲಿದ್ದೂ ಎರಡೂ ಹೋಸ್ ತಣ್ಣಗಿದ್ದರೆ ನೀರು ಆ ಕವಲಿಗೇ ಬರುತ್ತಿಲ್ಲ. ಆಗ ಮಟ್ಟ, ವಾಟರ್ ಪಂಪ್, ಮತ್ತು ಕೆಲವು ಕಾರುಗಳಲ್ಲಿ ಹೋಸ್ ದಾರಿಯಲ್ಲಿರುವ ಹೀಟರ್ ವಾಲ್ವ್ ನೋಡಬೇಕು. ಎರಡೂ ಚೆನ್ನಾಗಿ ಬಿಸಿ ಇದ್ದು, ಒಂದಕ್ಕಿಂತ ಇನ್ನೊಂದು ಹತ್ತು ಹದಿನೈದು ಡಿಗ್ರಿ ಕಡಿಮೆ ಇದ್ದರೆ ಕೋರ್ ಸರಿಯಾಗಿದೆ. ಆಗ ತಪ್ಪು ಫ್ಲ್ಯಾಪಿನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿ.

ಹೀಟರ್ ಕೋರ್ ಹೋಗಿದೆ ಅನ್ನುವ ಮೆಕ್ಯಾನಿಕ್ ಈ ಎರಡು ಹೋಸ್ ಮುಟ್ಟಿ ನೋಡಿದ್ದಾರೆಯೇ ಎಂದು ಕೇಳಿ. ನೋಡದೆ ಹೇಳಿದ್ದರೆ ಆ ಮಾತಿಗೆ ಆಧಾರವಿಲ್ಲ.

ನಿಮ್ಮ ಕಾರಿನಲ್ಲಿ ಮೊದಲನೆಯ ಫಲಿತಾಂಶ ಬರುತ್ತದೆಂದು ನನ್ನ ಊಹೆ, ಹಾಗಾಗಿ ಥರ್ಮೋಸ್ಟಾಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಅದರ ಹಿತ್ತಾಳೆ ಬುಡ್ಡಿಯೊಳಗೆ ಮೇಣ ತುಂಬಿರುತ್ತದೆ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ, ಆರಿದಾಗ ಸ್ಪ್ರಿಂಗ್ ಮುಚ್ಚುತ್ತದೆ. ತೆರೆಯುವ ಉಷ್ಣತೆ ಅದರ ಮೇಲೇ ಒತ್ತಿರುತ್ತದೆ, ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 82 ಅಥವಾ 88. ಮುಚ್ಚಿಕೊಂಡೇ ಸಿಕ್ಕಿಬಿದ್ದರೆ ಎಂಜಿನ್ ಕುದಿಯುತ್ತದೆ. ರಸ್ತೆಬದಿಯಲ್ಲಿ ಹೊಸದು ಸಿಗದಾಗ ಅದನ್ನು ಕಿತ್ತು ಕಾರು ಮನೆ ಮುಟ್ಟಿಸುವುದು ತಪ್ಪಲ್ಲ. ಹಾಗೇ ಬಿಟ್ಟುಬಿಡುವುದು ತಪ್ಪು. ಬಯಲುಸೀಮೆಯಲ್ಲಿ ಹೀಟರನ್ನು ಯಾರೂ ಮುಟ್ಟದ ಕಾರಣ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. "ನಮ್ಮ ಹವೆಗೆ ಥರ್ಮೋಸ್ಟಾಟ್ ಬೇಡ" ಎಂಬ ಮಾತು ಹುಟ್ಟಿಕೊಂಡಿರುವುದೂ ಹೀಗೆಯೇ. ಬಾಗಿಲಿಲ್ಲದ ಎಂಜಿನ್ ಸದಾ ತಣ್ಣಗೆ ಓಡುತ್ತದೆ. ಇನ್ನೂ ಬಿಸಿಯಾಗಿಲ್ಲವೆಂದು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಸುಡದ ಪೆಟ್ರೋಲ್ ಮತ್ತು ನೀರಿನ ಪಸೆ ಆಯಿಲ್‌ಗೆ ಸೇರಿ ಅದನ್ನು ಕೆಡಿಸುತ್ತದೆ. ಮಡಿಕೇರಿಯಂಥ ತಂಪಿನ ಊರಿನಲ್ಲಿ, ಪೇಟೆಗೂ ಶಾಲೆಗೂ ಎರಡೆರಡು ಕಿಲೋಮೀಟರ್ ಓಡುವ ಕಾರಿಗೆ ಇದು ಇನ್ನೂ ಕೆಟ್ಟದ್ದು.

ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಎಂದು ಬಿಚ್ಚದೆಯೇ ತಿಳಿಯಬಹುದು. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಮೇಲೆ ಆಗಾಗ ಕೈ ಇಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಹಲವು ನಿಮಿಷ ಅದು ತಣ್ಣಗೇ ಇದ್ದು, ಬಾಗಿಲು ತೆರೆದ ಕೂಡಲೆ ಥಟ್ಟನೆ ಬಿಸಿಯೇರುತ್ತದೆ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಂಥದರಲ್ಲಿ ಕೆಳ ಹೋಸ್ ಮುಟ್ಟಿ ನೋಡಿ. ಇನ್ನೊಂದು ಪರೀಕ್ಷೆಗೆ ನಿಮ್ಮ ಊರೇ ಹೇಳಿಮಾಡಿಸಿದ ಜಾಗ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವಾಗ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ನಿಲ್ಲುತ್ತದೆ, ಬಿಸಿ ಹುಟ್ಟುವುದಿಲ್ಲ. ಥರ್ಮೋಸ್ಟಾಟ್ ಇದ್ದರೆ ಅದು ಮುಚ್ಚಿಕೊಂಡು ಬಿಸಿಯನ್ನು ಉಳಿಸುತ್ತದೆ. ಇಲ್ಲದ ಕಾರಿನಲ್ಲಿ ಮುಳ್ಳು ತಿರುವು ತಿರುವಿಗೂ ಕೆಳಗಿಳಿಯುತ್ತದೆ. ಸ್ಟೀರಿಂಗ್ ಕೆಳಗೆ ದೋಷ ಪತ್ತೆಗೆಂದು ಇರುವ ಓಬಿಡಿ ಸಾಕೆಟ್‌ಗೆ ಹಾಕುವ ಬ್ಲೂಟೂತ್ ಅಡಾಪ್ಟರ್ ಇದ್ದರೆ ಮೊಬೈಲಿನಲ್ಲಿ ಕೂಲೆಂಟ್ ಉಷ್ಣತೆ ಡಿಗ್ರಿಯಲ್ಲೇ ಸಿಗುತ್ತದೆ. ಮುಳ್ಳಿಗಿಂತ ಇದನ್ನು ನಂಬಿ. 20 ನಿಮಿಷ ಓಡಿಸಿದ ಮೇಲೂ 75 ದಾಟದಿದ್ದರೆ ತೀರ್ಮಾನವಾದಂತೆ. ಅದರಲ್ಲಿ ಪಿ0128 ಎಂಬ ದೋಷದ ಕೋಡ್ ಬಂದಿದ್ದರೆ ಅದರ ಅರ್ಥವೂ ಇದೇ.

ಹೊಸದನ್ನು ಚಾಸಿ ನಂಬರ್ ಕೊಟ್ಟು ಕಂಪನಿಯದೇ ತೆಗೆದುಕೊಳ್ಳಿ, ಜೊತೆಗೆ ಹೊಸ ಓ ರಿಂಗ್ ಅಥವಾ ಗ್ಯಾಸ್ಕೆಟ್. ಹಾಕುವ ಮುನ್ನ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ, ತಳ ಮುಟ್ಟದಂತೆ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. 82ರದ್ದು 82ರ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ಪೂರ್ತಿ ತೆರೆದಾಗ ಸುಮಾರು 8 ಮಿ.ಮೀ. ಎದ್ದಿರಬೇಕು. ಇಲ್ಲಿ ಮಡಿಕೇರಿಯವರಿಗೆ ಒಂದು ವಿಶೇಷ ಸೂಚನೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ನಿಮ್ಮ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. 88ರ ಥರ್ಮೋಸ್ಟಾಟ್ ಪೂರ್ತಿ ತೆರೆಯಲು ಅದಕ್ಕಿಂತ ಹೆಚ್ಚು ಬಿಸಿ ಬೇಕು. ಹಾಗಾಗಿ ಪಾತ್ರೆಯಲ್ಲಿ ಅದು ಅರೆಬಾಯಿ ಬಿಟ್ಟರೆ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯಬೇಡಿ, ತೆರೆಯಲು ಶುರುವಾಗುವ ಉಷ್ಣತೆ ಸರಿ ಇದ್ದರೆ ಸಾಕು.

ಥರ್ಮೋಸ್ಟಾಟಿನ ಅಂಚಿನಲ್ಲಿ ಸಣ್ಣ ರಂಧ್ರ ಮತ್ತು ಅಲುಗಾಡುವ ಪಿನ್ ಇದ್ದರೆ ಅದು ಮೇಲ್ಭಾಗಕ್ಕೆ ಬರಬೇಕು, ಗಾಳಿ ಹೊರಹೋಗುವ ದಾರಿ ಅದೇ. ಹಳೆಯ ಗ್ಯಾಸ್ಕೆಟ್ ಚೂರು, ತುಕ್ಕನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಥರ್ಮೋಸ್ಟಾಟ್ ಮೇಲಿನ ಮುಚ್ಚಳದ ಬೋಲ್ಟ್‌ಗಳು ಸಾಮಾನ್ಯವಾಗಿ 10ರ ಸ್ಪ್ಯಾನರಿನವು, ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಅಲ್ಯೂಮಿನಿಯಂ ಥ್ರೆಡ್ ಹೆಚ್ಚು ಬಿಗಿದರೆ ಕಿತ್ತುಬರುತ್ತದೆ. ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಎಂಜಿನ್ ಕುದಿದದ್ದು ಥರ್ಮೋಸ್ಟಾಟಿನಿಂದಲೇ ಎಂದು ಯಾರೂ ಖಚಿತಪಡಿಸಿಲ್ಲ. ಫ್ಯಾನಿನ ರಿಲೇ, ಮೋಟರ್, ಕಟ್ಟಿದ ರೇಡಿಯೇಟರ್, ಅದರ ಹಳೆಯ ಮುಚ್ಚಳ ಯಾವುದಾದರೂ ಕಾರಣವಿದ್ದಿರಬಹುದು, ಥರ್ಮೋಸ್ಟಾಟ್ ಕಿತ್ತುಹಾಕಿದಾಗ ಅದು ಮರೆಯಾಗಿರಬಹುದು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಫ್ಯಾನ್ ಸಮಯಕ್ಕೆ ಸರಿಯಾಗಿ ಓಡಿ ನಿಲ್ಲುವುದನ್ನು ಕಣ್ಣಾರೆ ನೋಡದೆ ಕಾರನ್ನು ಹೆದ್ದಾರಿಗೆ ಒಯ್ಯಬೇಡಿ.

ಈಗ ಕೂಲೆಂಟ್. ಸಣ್ಣ ಪೆಟ್ರೋಲ್ ಕಾರಿಗೆ ಒಟ್ಟು ಮೂರೂವರೆಯಿಂದ ಐದು ಲೀಟರ್ ಹಿಡಿಯುತ್ತದೆ, ನಿಮ್ಮದರ ನಿಖರ ಅಳತೆ ಕಾರಿನ ಕೈಪಿಡಿಯಲ್ಲಿದೆ. ಹಳೆಯದನ್ನು ತಣ್ಣಗಿರುವಾಗ ಡಬ್ಬಕ್ಕೆ ಇಳಿಸಿ. ಚರಂಡಿಗೆ ಬಿಡಬೇಡಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುವುದರಿಂದ ನಾಯಿ, ದನ ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಆಮೇಲೆ ಬರೀ ನೀರು ತುಂಬಿ, ಓಡಿಸಿ, ಆರಿದ ಮೇಲೆ ಇಳಿಸಿ, ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಇಲ್ಲಿ ಬಹಳ ಜನ ಒಂದು ಲೆಕ್ಕ ತಪ್ಪುತ್ತಾರೆ. ರೇಡಿಯೇಟರ್ ಇಳಿಸಿದರೂ ಎಂಜಿನ್ ಬ್ಲಾಕಿನಲ್ಲಿ, ಹೀಟರ್ ಕೋರಿನಲ್ಲಿ ಒಂದು ಲೀಟರಿಗೂ ಹೆಚ್ಚು ತೊಳೆದ ನೀರು ಉಳಿದಿರುತ್ತದೆ. ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲೆಂಟ್ ಸುರಿದರೆ ಅದು ತೆಳುವಾಗುತ್ತದೆ. ಅದಕ್ಕೇ ನೀರು ಬೆರೆಸದ ಗಟ್ಟಿ ಕೂಲೆಂಟ್ ಕೊಂಡು, ಒಟ್ಟು ಅಳತೆಯ ಅರ್ಧದಷ್ಟನ್ನು ಮೊದಲು ಹಾಕಿ. ನಾಲ್ಕು ಲೀಟರಿನ ಕಾರಾದರೆ ಎರಡು ಲೀಟರ್. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬಾವಿ, ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಕೋರಿನ ಸಪೂರ ಕೊಳವೆಗಳಲ್ಲಿ ಪದರ ಕಟ್ಟುತ್ತದೆ. ಬಣ್ಣ ಒಂದೇ ಎಂದು ಎರಡು ಬಗೆಯ ಕೂಲೆಂಟ್ ಬೆರೆಸಬೇಡಿ, ಬಣ್ಣ ನೋಡಿ ಒಳಗಿನ ರಾಸಾಯನಿಕ ಯಾವುದೆಂದು ಹೇಳಲಾಗದು.

ಗಾಳಿ ತೆಗೆಯುವುದನ್ನು ಗ್ಯಾರೇಜಿನವರು ಅವಸರದಲ್ಲಿ ಬಿಟ್ಟುಬಿಡುತ್ತಾರೆ, ಹೀಟರ್ ತಣ್ಣಗೇ ಉಳಿಯಲು ಇದೊಂದೇ ಸಾಕು. ಕಾರಿನ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ. ನಿಮ್ಮ ಊರಿನಲ್ಲಿ ಅದಕ್ಕೆ ಹುಡುಕಬೇಕಾಗಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೀಟರ್ ನಾಬ್ ಪೂರ್ತಿ ಕೆಂಪಿಗಿರಲಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ನೀರು ಬಂದ ಮೇಲೆ ಬಿಗಿಯಿರಿ. ಕೂಲೆಂಟನ್ನು ಸಣ್ಣ ಧಾರೆಯಾಗಿ ಸುರಿಯುತ್ತ, ಮಧ್ಯೆ ಮಧ್ಯೆ ಮೇಲಿನ ಹೋಸನ್ನು ಹಿಂಡುತ್ತ ಹೋಗಿ, ಪ್ರತಿ ಹಿಂಡಿಗೂ ಗುಳುಕ್ ಎಂದು ಗಾಳಿ ಬರುತ್ತದೆ. ತುಂಬಿದ ಮೇಲೆ ಮುಚ್ಚಳ ತೆರೆದೇ ಇಟ್ಟು ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ. ಮಟ್ಟ ಇಳಿದಂತೆ ತುಂಬಿ. ಗುಳ್ಳೆ ನಿಂತು, ಮಟ್ಟ ಹಿಗ್ಗಿ ಮೇಲೇರಲು ಶುರುವಾದ ಕೂಡಲೆ ಮುಚ್ಚಳ ಹಾಕಿ. ನೀರು ಬಿಸಿಯಾದ ಮೇಲೂ ತೆರೆದಿಟ್ಟು ಕಾಯಬೇಡಿ, ಉಕ್ಕಿ ಕೈ ಸುಡುತ್ತದೆ. ಮುಚ್ಚಿದ ಮೇಲೆ ಎಂಜಿನ್ನನ್ನು 2,000ದಿಂದ 2,500 ಆರ್‌ಪಿಎಂನಲ್ಲಿ ಕೆಲವು ನಿಮಿಷ ಹಿಡಿದು, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ಮುಚ್ಚಳ ತೆಗೆದು ನೋಡಿದರೆ ಕಾಲು ಲೀಟರಿನಷ್ಟು ಇಳಿದಿರುವುದು ಸಹಜ. ತುಂಬಿಸಿ, ಬಾಟಲಿಯಲ್ಲಿ ಎರಡು ಗೆರೆಗಳ ನಡುವೆ ನಿಲ್ಲಿಸಿ. ಮೂರನೆಯ ದಿನವೂ ಇಳಿಯುತ್ತಿದ್ದರೆ ಸೋರಿಕೆ ಇದೆ.

ಇಷ್ಟಾದ ಮೇಲೆ ಹೀಟರ್ ಹೇಗಿರಬೇಕು? ಹೊರಗೆ 18ರಿಂದ 20 ಡಿಗ್ರಿ ಇರುವ ದಿನ, 15 ನಿಮಿಷ ಓಡಿಸಿದ ಮೇಲೆ, ನಡುವಿನ ಗ್ರಿಲ್ಲಿನಲ್ಲಿ ಅಡುಗೆಮನೆಯ ಕಡ್ಡಿ ಥರ್ಮಾಮೀಟರ್ ಸಿಕ್ಕಿಸಿದರೆ 50 ದಾಟಬೇಕು.

ದಾಟದಿದ್ದರೆ, ಮತ್ತು ಆಗ ಒಂದು ಹೋಸ್ ಸುಡುತ್ತ ಇನ್ನೊಂದು ತಣ್ಣಗಿದ್ದರೆ, ಕೋರ್ ಕಟ್ಟಿದೆ. ತಿಂಗಳುಗಟ್ಟಲೆ ನಲ್ಲಿ ನೀರಿನಲ್ಲಿ ಓಡಿದ ಕಾರಿನಲ್ಲಿ ಇದು ಆಗಬಹುದು. ಆಗಲೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿಲ್ಲ, ಬಾನೆಟ್ ಕಡೆಯಿಂದಲೇ ತೊಳೆಯಬಹುದು. ತಣ್ಣನೆ ಎಂಜಿನ್ನಿನಲ್ಲಿ ಆ ಎರಡೂ ಹೋಸ್‌ಗಳ ಕ್ಲಿಪ್ ಹಿಂದೆ ಸರಿಸಿ. ಹೋಸ್ ಅಂಟಿಕೊಂಡಿದ್ದರೆ ಎಳೆದಾಡಬೇಡಿ, ತಿರುಚಬೇಡಿ. ಕೋರಿನ ಪೈಪ್ ತೆಳು, ಅದು ಬಾಗಿದರೆ ಡ್ಯಾಶ್‌ಬೋರ್ಡ್ ಬಿಚ್ಚದೆ ವಿಧಿಯಿಲ್ಲ. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ ತೆಗೆದು ಹೊಸ ಹೋಸ್ ಹಾಕಿದರೆ ಅಗ್ಗ. ನೀರು ಹೊರಬರುತ್ತಿದ್ದ ಪೈಪಿಗೆ ತೋಟದ ಪೈಪ್ ಹಿಡಿದು, ಉಲ್ಟಾ ದಿಕ್ಕಿನಲ್ಲಿ ಸಣ್ಣ ಒತ್ತಡದಲ್ಲಿ ನೀರು ಬಿಡಿ. ಇನ್ನೊಂದು ಪೈಪಿನಿಂದ ಬರುವುದನ್ನು ಬಕೆಟ್‌ನಲ್ಲಿ ಹಿಡಿಯಿರಿ. ಮೊದಲು ಕೆಂಪು ನೀರು, ಆಮೇಲೆ ಮರಳಿನಂಥ ತುಕ್ಕು, ಕೆಲವೊಮ್ಮೆ ಹಳೆಯ ಗ್ಯಾಸ್ಕೆಟ್ ಪೇಸ್ಟಿನ ತುಣುಕು ಬರುತ್ತದೆ. ದಿಕ್ಕು ಬದಲಿಸುತ್ತ ತಿಳಿನೀರು ಬರುವವರೆಗೆ ಮಾಡಿ. ಹರಿವು ಸಾಕೇ ಎಂದು ಅಳೆಯಲು ತೋಟದ ಪೈಪಿನಿಂದ ನೇರವಾಗಿ ಬಕೆಟ್ ತುಂಬಲು ಎಷ್ಟು ಸೆಕೆಂಡ್, ಕೋರಿನ ಮೂಲಕ ಎಷ್ಟು ಎಂದು ನೋಡಿ. ಎರಡರಷ್ಟಕ್ಕಿಂತ ಹೆಚ್ಚು ಹಿಡಿದರೆ ಇನ್ನೂ ಕಟ್ಟಿದೆ. ಸರ್ವಿಸ್ ಸ್ಟೇಷನ್ನಿನ ಹೈ ಪ್ರೆಶರ್ ಗನ್, ಕಂಪ್ರೆಸರ್ ಗಾಳಿ ಬೇಡವೇ ಬೇಡ. ಟಾಯ್ಲೆಟ್ ಆ್ಯಸಿಡ್, ಕಾಸ್ಟಿಕ್ ಸೋಡಾ ಕೂಡ ಬೇಡ, ಎರಡೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ರೇಡಿಯೇಟರ್ ಫ್ಲಶ್ ಎಂದು ಮಾರುವ ದ್ರಾವಣವನ್ನು ಡಬ್ಬಿಯ ಮೇಲಿನ ಸಮಯ ಮೀರದಂತೆ ಬಳಸಬಹುದು.

ಎರಡೂ ಹೋಸ್ ಬಿಸಿ ಇದ್ದು ಗಾಳಿ ಮಾತ್ರ ತಣ್ಣಗಿದ್ದರೆ ಒಬ್ಬರು ನಾಬ್ ತಿರುಗಿಸುತ್ತಿರಲಿ, ನೀವು ಆಕ್ಸಿಲರೇಟರ್ ಪೆಡಲಿನ ಮೇಲ್ಭಾಗದಲ್ಲಿ ಅಥವಾ ಗ್ಲೋವ್‌ಬಾಕ್ಸ್ ತೆಗೆದು ಟಾರ್ಚ್ ಹಿಡಿದು ಹೀಟರ್ ಪೆಟ್ಟಿಗೆಯ ಪಕ್ಕ ನೋಡಿ. ಸಪೂರ ಕೇಬಲ್ ಒಂದು ಪುಟ್ಟ ಪ್ಲಾಸ್ಟಿಕ್ ಸನ್ನೆಯನ್ನು ಎಳೆದು ತಳ್ಳಬೇಕು. ಕ್ಲಿಪ್ಪಿನಿಂದ ಜಾರಿದ್ದರೆ ನಾಬ್ ತೀರಾ ಹಗುರವಾಗಿ ತಿರುಗುತ್ತದೆ. ಮತ್ತೆ ಸಿಕ್ಕಿಸಿದರೆ ಮುಗಿಯಿತು. ಆಟೋಮ್ಯಾಟಿಕ್ ಎಸಿಯ ಕಾರುಗಳಲ್ಲಿ ಕೇಬಲ್ ಬದಲು ಪುಟ್ಟ ಮೋಟರ್ ಇರುತ್ತದೆ. ಅದರ ಹಲ್ಲು ಸವೆದರೆ ಉಷ್ಣತೆ ಬದಲಿಸಿದಾಗ ಟಕ್ ಟಕ್ ಸದ್ದು ಬರುತ್ತದೆ. ಕಾಫಿ ತೋಟದ ನಡುವಿನ ಮನೆಗಳಲ್ಲಿ ಇಲಿ ವೈರ್ ಕಡಿದಿರುವುದು, ಬ್ಲೋವರ್ ಬಾಯಿಯಲ್ಲಿ ಗೂಡು ಕಟ್ಟಿರುವುದೂ ಉಂಟು.

ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಕೊಟ್ಟಾಗ ಬಿಸಿ ಗಾಳಿ ಬಂದರೆ ನೀರು ಕಡಿಮೆ ಇದೆ ಅಥವಾ ವಾಟರ್ ಪಂಪ್ ದುರ್ಬಲವಾಗಿದೆ. ನಿಮ್ಮ ಎಂಜಿನ್ ಒಮ್ಮೆ ಕುದಿದಿರುವುದರಿಂದ ಹೆಡ್ ಗ್ಯಾಸ್ಕೆಟನ್ನೂ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ತೆಳು ಪದರ) ಪರೀಕ್ಷಿಸಿ. ಗಾಳಿ ತೆಗೆಯುವಾಗ ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ, ರಾತ್ರಿ ನಿಂತ ಕಾರಿನ ಮೇಲಿನ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ, ಆಯಿಲ್ ಮುಚ್ಚಳದ ಒಳಗೆ ಮಾತ್ರವಲ್ಲದೆ ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಕತ್ತಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ, ಹೊಗೆ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ.

ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾದ ಸಂದರ್ಭವೂ ಇದೆ. ಕೋರ್ ಸೋರಿದರೆ ಬ್ಲೋವರ್ ಹಾಕಿದಾಗ ಸಿಹಿಸಿಹಿ ವಾಸನೆ, ಮುಂದಿನ ಗಾಜಿನ ಒಳಗೆ ಒರೆಸಿದಷ್ಟೂ ಹರಡುವ ಜಿಡ್ಡು, ಕಾಲ ಬಳಿ ಒದ್ದೆ ಕಾರ್ಪೆಟ್ ಸಿಗುತ್ತವೆ. ಒದ್ದೆಯನ್ನು ಬಿಳಿ ಕಾಗದದಿಂದ ಒತ್ತಿ ನೋಡಿ. ಬಣ್ಣವಿಲ್ಲದ, ಅಂಟಿಲ್ಲದ ನೀರಾದರೆ ಅದು ಎಸಿಯ ಡ್ರೈನ್ ಪೈಪ್ ಕಟ್ಟಿದ್ದರಿಂದ. ಬಣ್ಣ, ಅಂಟು ಇದ್ದರೆ ಕೋರ್. ಇದನ್ನು ಮುಚ್ಚಲು ಸ್ಟಾಪ್ ಲೀಕ್ ಪುಡಿ ಹಾಕಿಸಬೇಡಿ, ಸೋರುವ ತೂತಿಗಿಂತ ಮೊದಲು ಅದು ಕೋರಿನ ಸಪೂರ ಕೊಳವೆಗಳನ್ನು ಮುಚ್ಚುತ್ತದೆ. ತುರ್ತಿಗೆ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಬೈಪಾಸ್ ಮಾಡಬಹುದು. ಬೆಣೆ ಹೊಡೆದು ಮುಚ್ಚುವುದು ಬೇಡ, ಕೆಲವು ಎಂಜಿನ್‌ಗಳಲ್ಲಿ ಆ ಹರಿವು ಬೇಕೇ ಬೇಕು.

ಇದೆಲ್ಲ ಸರಿಯಾಗುವವರೆಗೆ ಮಳೆಯಲ್ಲಿ ಗಾಜು ಮಬ್ಬಾಗುವುದಕ್ಕೆ ಎಸಿ ಹಾಕಿ. ಎಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ, ಗಾಜು ತಿಳಿಯಾಗಲು ಬೇಕಾದದ್ದು ಅದೇ. ಗಾಳಿಯ ದಿಕ್ಕು ಗಾಜಿನ ಕಡೆಗೆ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಬಟನ್ ಆಫ್, ಬ್ಲೋವರ್ ಮೂರರಲ್ಲಿ. ಹೀಟರ್ ಸರಿಯಾದ ಮೇಲೆ ಎಸಿ ಮತ್ತು ಬಿಸಿ ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಬೇಗ ತಿಳಿಯಾಗುತ್ತದೆ. ಗಾಜಿನ ಒಳಮೈ ಕೊಳೆ ಇದ್ದರೆ ಮಬ್ಬು ಬೇಗ ಹಿಡಿಯುತ್ತದೆ, ವಾರಕ್ಕೊಮ್ಮೆ ಒರೆಸಿ. ಒದ್ದೆ ಛತ್ರಿ, ಗೊರಬೆಯಂಥವನ್ನು ಡಿಕ್ಕಿಯಲ್ಲಿಡಿ.

ಮನಾಲಿಯ ವಿಷಯ. ಈಗಿನ ಸ್ಥಿತಿಯಲ್ಲಿ ಹೋಗಬೇಡಿ. ಡಿಸೆಂಬರ್ ರಾತ್ರಿಗಳಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಹೋದರೆ ಚಳಿ ಇನ್ನೂ ಕಠಿಣ. ಬರೀ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ರೇಡಿಯೇಟರ್ ಮಾತ್ರವಲ್ಲ, ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹೊರಡುವ ಮುನ್ನ ಕೂಲೆಂಟ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿಸಿ ನೋಡಿ. ವೈಪರ್ ಬಾಟಲಿಯಲ್ಲೂ ಬರೀ ನೀರು ಬೇಡ, ಹೆಪ್ಪುಗಟ್ಟದ ವಾಷರ್ ದ್ರಾವಣ ಹಾಕಿ. ಹಿಮದಲ್ಲಿ ಸಿಕ್ಕಿಕೊಂಡರೆ ಎಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿ, ಗಾಜು ಏರಿಸಿ ನಿದ್ದೆ ಮಾಡಬಾರದು. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಪ್ರಾಣ ತೆಗೆಯುತ್ತದೆ. ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ತೆಗೆದು, ಒಂದು ಗಾಜನ್ನು ಎರಡು ಬೆರಳಷ್ಟು ಇಳಿಸಿ, ಹತ್ತು ನಿಮಿಷ ಓಡಿಸಿ ಆಫ್ ಮಾಡಿ. ಒಬ್ಬರು ಎಚ್ಚರವಾಗಿರಿ.

ಥರ್ಮೋಸ್ಟಾಟ್ ಕೆಲಸವನ್ನು ನವೆಂಬರ್ ಮೊದಲ ವಾರಕ್ಕೇ ಮುಗಿಸಿಕೊಳ್ಳಿ. ಆಮೇಲೆ ಒಂದು ತಿಂಗಳು ಮಡಿಕೇರಿ, ಸಂಪಾಜೆ, ಮೈಸೂರು ಎಂದು ಓಡಿಸುತ್ತ ವಾರಕ್ಕೊಮ್ಮೆ ತಣ್ಣನೆ ಎಂಜಿನ್ನಿನಲ್ಲಿ ಕೂಲೆಂಟ್ ಮಟ್ಟ ಬರೆದಿಡಿ. ನಾಲ್ಕು ವಾರವೂ ಗೆರೆ ಅಲುಗದಿದ್ದರೆ, ಘಾಟಿ ಇಳಿಯುವಾಗ ಮುಳ್ಳು ಅರ್ಧದಲ್ಲೇ ನಿಂತಿದ್ದರೆ ಹೊರಡಬಹುದು.